ತಿರುಗಿ ಬಂದ ಬೀಗ

ಜೂನ್ 14, ಶನಿವಾರ

ಪ್ರೀತಿಯ ಅಕ್ಕ,

ನಿನ್ನ ಮೂರು ಕಾಗದಕ್ಕೂ ಸೇರಿಸಿ ಇದೊಂದೇ ಉತ್ತರ. ತಡ ಆಯ್ತು, ತಪ್ಪಾಯ್ತು, ಬೈಕೋ. ಫೋನಲ್ಲಿ ಹೇಳೋಣ ಅಂದ್ರೆ ಮಧ್ಯೆ ಬಾಯಿ ಹಾಕ್ತೀಯ. ಕಾಗದ ಆದ್ರೆ ಪೂರ್ತಿ ಓದ್ಲೇಬೇಕು. ಎಂಟನೇ ಕ್ಲಾಸಿಗೇ ಸ್ಕೂಲ್ ಬಿಟ್ಟವನ ಕಾಗುಣಿತ, ನಗಬೇಡ.

ಮುಂಭಾಗದ ಮನೆ ನರ್ಸಮ್ಮ ಯಾಕೆ ಖಾಲಿ ಮಾಡ್ತಿದಾರೆ, ಒಂದನೇ ತಾರೀಖಿಗೆ ಬೇರೆಯವರು ಬರಲೇಬೇಕು ಅಂತ ಬರ್ದಿದೀಯ. ಮಹಡಿ ಮೇಲೆ ಎರಡು ಮನೆ ಕಟ್ಟೋಕೆ ಸಾಲ ಮಾಡಿದ್ದು ನೀನು. ಆ ಕಂತಿಗೋಸ್ಕರ ನಾವು ಹುಟ್ಟಿ ಬೆಳೆದ ಆ ಮುಂಭಾಗದ ಮನೇನ ಬಾಡಿಗೆಗೆ ಕೊಟ್ಟು, ಅಮ್ಮನ್ನೂ ನನ್ನನ್ನೂ ಹಿಂದಿನ ಒಂಟಿ ರೂಮಿಗೆ ತಳ್ಳಿದ್ದೂ ನೀನೇ. ಇರ್ಲಿ.

ಬಾಡಿಗೆಯವರು ಬದಲಾದಾಗೆಲ್ಲ ಹೊಸ ಬೀಗ ಹಾಕು, ಹಳಬರ ಹತ್ರ ಕೀ ಉಳಿದಿರುತ್ತೆ ಅಂದಿದ್ದೆ. ನಾನು ಹಾಕ್ಲಿಲ್ಲ. ದಿನವಿಡೀ ಬೀದಿ ಮೂಲೇಲಿ ಕೂತು ಊರಿಗೆಲ್ಲ ಕೀ ಮಾಡಿಕೊಡೋನು, ಬೀಗಕ್ಕೆ ದುಡ್ಡು ಸುರೀಲಾ? ಮೂರೂ ಮನೆ ಬೀಗ ಒಂದೇ ಅಳತೆ. ಒಬ್ರು ಖಾಲಿ ಮಾಡಿದ್ರೆ ಕೆಳಗಿಂದು ಮೇಲೆ, ಮೇಲಿಂದು ಪಕ್ಕಕ್ಕೆ, ಪಕ್ಕದ್ದು ಕೆಳಗೆ. ಖರ್ಚು ಸೊನ್ನೆ. ಬುದ್ಧಿವಂತ ಅಂತ ನನ್ನ ಬೆನ್ನು ನಾನೇ ತಟ್ಕೊಂಡಿದ್ದೆ.

ಹೋದ ತಿಂಗಳು ನರ್ಸಮ್ಮ ನನ್ನ ಅಂಗಡಿ ಹತ್ರ ಬಂದ್ರು. "ನಾನು ಡ್ಯೂಟಿಗೆ ಹೋದಾಗ ಯಾರೋ ಒಳಗೆ ಬರ್ತಾರೆ ತಮ್ಮಾ."

"ಏನ್ ಹೋಯ್ತು?"

"ಏನೂ ಹೋಗಿಲ್ಲ. ಕಿಟಕಿ ಕಡೆ ಕುರ್ಚಿ ತಿರುಗಿಸಿರುತ್ತೆ. ಒಗೆದ ಬಟ್ಟೆ ಮಡಚಿಟ್ಟಿರುತ್ತೆ. ಮೇಜಿನ ಮೇಲೆ ಎರಡು ತಟ್ಟೆ ಬೋರಲು. ಇರೋದು ನಾನೊಬ್ಳು, ದಿನಾ ಎರಡು ತಟ್ಟೆ! ಕದಿಯೋ ಕಳ್ಳ ಆದ್ರೆ ಪೊಲೀಸರಿಗೆ ಹೇಳ್ತೀನಿ. ಬಟ್ಟೆ ಮಡಚೋ ಕಳ್ಳನ್ನ ಯಾರಿಗೆ ಹೇಳ್ಲಿ?"

"ಹಾಗಾದ್ರೆ ಪಾತ್ರೇನೂ ಬಿಟ್ಟೋಗಿ, ತೊಳೆದಿಡ್ಲಿ" ಅಂದೆ. ಅವರು ನಗಲಿಲ್ಲ.

ಮಂಗಳವಾರ ಅವರನ್ನ ಕೇಳ್ಕೊಂಡೇ ಒಳಗಿಂದ ಬೀಗ ಹಾಕಿ ಕೂತೆ. ಕೈಯಲ್ಲಿ ಸುತ್ತಿಗೆ. ಮಧ್ಯಾಹ್ನ ಮೂರು. ಹೊರಗೆ ಬಿಸಿಲು. ಹೆಜ್ಜೆ ಬಂತು, ಬಾಗಿಲ ಹತ್ರ ನಿಂತಿತು. ಆ ಬಾಗಿಲು ನಿನಗೆ ಗೊತ್ತಲ್ಲ, ಸ್ವಲ್ಪ ಮೇಲೆತ್ತದೆ ಹೋದ್ರೆ ಕೀ ತಿರುಗಲ್ಲ. ನರ್ಸಮ್ಮ ಇವತ್ತಿಗೂ ಅದರ ಜೊತೆ ಗುದ್ದಾಡ್ತಾರೆ. ನೋಡ್ತಿದ್ದ ಹಾಗೆ ಬಾಗಿಲು ಒಂದು ಬೆರಳಷ್ಟು ಮೇಲೆದ್ದಿತು. ಕೀ ಬೆಣ್ಣೆಗೆ ಹಾಕಿದ ಹಾಗೆ ತಿರುಗ್ತು. ಆಗ ತಲೆಗೆ ಹೊಳೀತು: ಬೀಗ ಮೂರು ಸಲ ಬದಲಾಯಿಸಿದೀನಿ. ನಮ್ಮ ಹಳೇ ಬೀಗ ಸುತ್ತು ಹೊಡೆದು ಅದೇ ಬಾಗಿಲಿಗೆ ವಾಪಸ್ ಬಂದಿದೆ.

ಅಮ್ಮ ಒಳಗೆ ಬಂದ್ಲು.

ಸೆರಗಿನ ತುದೀಲಿ ಹಳೇ ಕೀ. ನನ್ನನ್ನ ನೋಡಿ ಬೆಚ್ಚಲಿಲ್ಲ. ಏನೋ ಕೇಳಿದ್ಲು, ಅದು ಆಮೇಲೆ. ಬಟ್ಟೆ ಮಡಚಿದ್ಲು. ಎರಡು ತಟ್ಟೆ ಇಟ್ಲು. ಬೀದಿ ಕಾಣೋ ಹಾಗೆ ಕುರ್ಚಿ ತಿರುಗಿಸಿ ಕೂತ್ಲು. ಸುತ್ತಿಗೆ ಹಿಡ್ಕೊಂಡು ಹಿಂದೆ ನಿಂತೆ, ಕಳ್ಳ ನಾನೇ ಅನ್ನೋ ಹಾಗೆ. ನಾಲ್ಕೂವರೆಗೆ ಎದ್ದು, ನನ್ನನ್ನ ಹೊರಗೆ ಕಳಿಸಿ, ಬೀಗ ಹಾಕ್ಕೊಂಡು ಹೋದ್ಲು. ಸಂಜೆ ನಮ್ಮ ರೂಮಲ್ಲಿ "ಎಲ್ಲಿ ಸಾಯ್ತಿದ್ದೆಯೋ ಇಷ್ಟೊತ್ತು?" ಅಂತ ಎಂದಿನ ಹಾಗೇ ಬೈದು ಊಟ ಬಡಿಸಿದ್ಲು. ಮಧ್ಯಾಹ್ನ ಎಲ್ಲಿಗೆ ಹೋಗಿದ್ದೆ ಅಂದ್ರೆ "ಎಲ್ಲೂ ಇಲ್ಲ" ಅಂದ್ಲು. ಸುಳ್ಳು ಹೇಳೋ ಮುಖ ಅಲ್ಲ ಅಕ್ಕಾ ಅದು.

ಒಂದನೇ ತಾರೀಖಿಗೆ ಯಾರೂ ಬರಲ್ಲ. ಆ ಮನೆಗೆ ಅಮ್ಮ ಹೋಗ್ತಾಳೆ, ಜೊತೆಗೆ ನಾನು. ಈ ಒಂಟಿ ರೂಮಿಗೆ ಯಾರನ್ನಾದ್ರೂ ಹುಡುಕ್ಕೋ. ಬೀಗ ಬದಲಾಯಿಸು ಅಂತ ಮಾತ್ರ ಬರೀಬೇಡ, ಬರೆದ್ರೆ ಕಾಗದ ಹರಿದು ಒಲೆಗೆ ಹಾಕ್ತೀನಿ.

ಭಾವಂಗೆ ಕೇಳ್ದೆ ಅನ್ನು. ನಿನ್ನ ಮಕ್ಕಳು ನೂರು ವರ್ಷ ಚೆನ್ನಾಗಿರ್ಲಿ, ನಿನ್ನ ಗುರುತು ಮರೀದೇ ಇರ್ಲಿ.

ಇಂತಿ,
ನಿನ್ನ ಒರಟ ತಮ್ಮ

ಮರೆತ ವಿಷಯ: ಅವತ್ತು ಅಮ್ಮ ಕೇಳಿದ್ದು ಇದು: "ನೀವು ಬೀಗ ರಿಪೇರಿಯವರಾ? ಬೇಗ ಮುಗಿಸಿ. ಮಕ್ಕಳು ಸ್ಕೂಲಿಂದ ಬರೋ ಹೊತ್ತು." ನೀವು ಅಂದ್ಲು ಅಕ್ಕಾ, ನನಗೆ. ಚಿಕ್ಕವನು ಓದ್ತಾನಾ ಅಂತ ಕೇಳ್ದೆ. "ತುಂಬಾ ಚೆನ್ನಾಗಿ ಓದ್ತಾನೆ. ನಿಮ್ಮ ಥರ ಬೀದೀಲಿ ಕೂರೋಕೆ ಅವನನ್ನ ಬಿಡಲ್ಲ" ಅಂದ್ಲು. ಆಮೇಲೆ ನನಗೆ ಬೇಜಾರಾಯ್ತೇನೋ ಅಂತ ಒಂದು ಲೋಟ ನೀರು ತಂದುಕೊಟ್ಲು. ಕುಡಿದೆ.