ಪೂನಮ್ ಆರಿಸಿದ ರೈಫಲ್

ಜಮಖಂಡಿ
೮ ಮಾರ್ಚ್ ೨೦೦೪

ಪೂನಮಳ ಅಪ್ಪನಿಗೆ, ಮಾಲಾಳ ನಮಸ್ಕಾರ.

ಮೊಣಕಾಲಿನ ನೋವು ಹೇಗಿದೆ? ಅಲ್ಲಿ ಇನ್ನೂ ಹಿಮ ಬೀಳುತ್ತಿದೆ ಎಂದು ಬರೆದಿದ್ದಿರಿ. ಇಲ್ಲಿ ಆಗಲೇ ಊಟದ ಹೊತ್ತಿಗೆ ಅಂಗಳದ ಹಾಸುಗಲ್ಲು ಕಾಲು ಸುಡುತ್ತದೆ. ಅತ್ತೆಯವರು ಕಳಿಸಿದ ಕಂಬಳಿ ಮುಟ್ಟಿತೇ? ಹೋದ ಸಲದ ಹಾಗೆ ಯಾರೋ ಹೊಸ ಹುಡುಗ ನಡುಗುತ್ತಿದ್ದ ಎಂದು ಅದನ್ನೂ ಕೊಟ್ಟುಬಿಡಬೇಡಿ, ನೀವೇ ಹೊದ್ದುಕೊಳ್ಳಿ. ಇಲ್ಲಿ ಅತ್ತೆ, ಪೂನಮ್, ನಾನು ಎಲ್ಲರೂ ಆರೋಗ್ಯವಾಗಿದ್ದೇವೆ. ಗಲಗಲಿಯಲ್ಲಿ ನಿಮ್ಮ ತಮ್ಮ ದುಂಡೇಶನೂ ಆರೋಗ್ಯವಾಗಿದ್ದಾನೆ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಯಾಕೆಂದರೆ ಮುಂದಿನದನ್ನು ಓದುವಾಗ ಯಾರಿಗೆ ಏನಾಯಿತೋ ಎಂದು ನಿಮ್ಮ ಜೀವ ಬಾಯಿಗೆ ಬರಬಾರದು. ಯಾರಿಗೂ ಏನೂ ಆಗಿಲ್ಲ. ಆಗುವುದರಲ್ಲಿತ್ತು.

ಪೂನಮಳಿಗೆ ಗುರಿ ಹೊಡೆಯುವ ಆಟಕ್ಕೆಂದು ರೈಫಲ್ ಲೈಸನ್ಸ್ ಬಂದ ಸುದ್ದಿಯನ್ನು ಹಿಂದಿನ ಪತ್ರದಲ್ಲಿ ಬರೆದಿದ್ದೆ. ಅವಸರ ಮಾಡಬೇಡಿ, ಹುಡುಗಿ ತಾನೇ ಹಿಡಿದು ನೋಡಿ ಆರಿಸಲಿ ಎಂದು ನೀವು ಉತ್ತರ ಬರೆದಿರಿ. ಹಾಗೇ ಮಾಡಿದೆವು. ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ಅವಳಿಗೆ ಗುರಿ ಕಲಿಸಿದ ಪರಮಾನಂದ ಮಾಸ್ತರರು ನಿವೃತ್ತರಾಗಿ ಬೆಳಗಾವಿಯಲ್ಲಿದ್ದಾರೆ. ಊರಾಚೆ ಒಂದು ಹಳೆಯ ಕಲ್ಲುಗಣಿಯಲ್ಲಿ ಅವರದೊಂದು ಸಣ್ಣ ಕ್ಲಬ್ಬಿದೆ. ಬಂದೂಕು ಮಾರುವ ಲೈಸನ್ಸ್ ಇರುವ ಅಂಗಡಿಯವರು ಮಾರಾಟಕ್ಕಿದ್ದ ಮೂರು ರೈಫಲ್ಲುಗಳನ್ನು ಅಲ್ಲಿಗೇ ತರುತ್ತಾರೆ, ಹೊಡೆದು ನೋಡಿಯೇ ಕೊಳ್ಳಬಹುದು ಎಂದು ಮಾಸ್ತರರು ಹೇಳಿ ಕಳಿಸಿದ್ದರು. ನಾವಿಬ್ಬರೇ ಹೊರಟಿದ್ದೆವು. ದುಂಡೇಶ ಹಿಂದಿನ ದಿನವೇ ಗಲಗಲಿಯಿಂದ ಬಂದು ಕುಳಿತುಬಿಟ್ಟ. ಬಂದೂಕು ತರುವಾಗ ಗಂಡಸೊಬ್ಬ ಜೊತೆಗಿರಬೇಕು ಎಂದು ಅತ್ತೆಯವರೂ ದನಿಗೂಡಿಸಿದರು. ನಾನು ಬೇಡ ಎನ್ನಲಿಲ್ಲ.

ನೀವು ಬಂದೂಕಿನ ಜೊತೆಗೇ ಬದುಕುವವರು, ಇದನ್ನು ಓದಿ ನಗುತ್ತೀರಿ. ನನಗೆ ಎಲ್ಲ ರೈಫಲ್ಲೂ ಒಂದೇ ಎಂದಿತ್ತು. ಮೂರನ್ನೂ ಒಂದು ಜಮಖಾನದ ಮೇಲೆ ಮಲಗಿಸಿದ್ದರು. ಮೂರೂ ಸಣ್ಣ ತೋಟಾದವು, ಪಾಯಿಂಟ್ ಟೂ ಟೂ. ಮೂರಕ್ಕೂ ಕೈಯಿಂದ ಹಿಂದೆಮುಂದೆ ಎಳೆಯುವ ಬೋಲ್ಟ್ ಇತ್ತು. ಮೊದಲನೆಯದು ಹೊಸದು, ಹಗುರ, ಕೆಳಗಿನ ಡಬ್ಬಿಯಲ್ಲಿ ಹಲವು ಗುಂಡು ತುಂಬಬಹುದು. ಎರಡನೆಯದಕ್ಕೆ ದುರ್ಬೀನು ಇತ್ತು, ಮರ ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರನೆಯದು ಹಳೆಯ ಜರ್ಮನ್ ರೈಫಲ್. ಮರದ ಮೇಲೆ ಗೀರುಗಳು, ದಪ್ಪ ನಳಿಗೆ, ಒಮ್ಮೆಗೆ ಒಂದೇ ಗುಂಡು. ಹಿಡಿದು ನೋಡಿರಿ ಎಂದು ಮಾಸ್ತರರು ನನ್ನ ಕೈಗೇ ಕೊಟ್ಟರು. ತುಂಬಿದ ಕೊಡವನ್ನು ಸೊಂಟಕ್ಕಲ್ಲದೆ ಎದೆಗೆ ಒತ್ತಿ ಹಿಡಿದ ಹಾಗಾಯಿತು. ಇಷ್ಟು ಭಾರದ್ದನ್ನು ಹುಡುಗಿ ಹೇಗೆ ಹೊರುತ್ತಾಳೆ ಎಂದೆ. ಮಲಗಿ ಹೊಡೆಯುವವರಿಗೆ ಭಾರವೇ ಒಳ್ಳೆಯದು, ಉಸಿರಿಗೂ ನಾಡಿಗೂ ಅದು ಸುಲಭಕ್ಕೆ ಅಲುಗುವುದಿಲ್ಲ ಎಂದರು.

ದುಂಡೇಶನಿಗೆ ಮೊದಲನೆಯದರ ಮೇಲೆ ಕಣ್ಣು. ಎತ್ತಿ ಹೆಗಲಿಗಿಟ್ಟು ನೋಡಿದ, ಇದೇ ಛಲೋ ಐತಿ ಎಂದ. ಒಂದೊಂದೇ ಗುಂಡು ಹಾಕುತ್ತ ಕೂರುವುದು ಎಂಥ ಬಂದೂಕು ಎಂದು ಜರ್ಮನ್ ರೈಫಲ್ಲನ್ನು ಕಾಲಿನಿಂದ ತೋರಿಸಿದ. ಆಗ ಪೂನಮ್ ಅಂದಳು, “ಕಾಕಾ, ಕಾಗದಕ್ಕ ಹೊಡ್ಯಾಕ ಒಂದ ಸಾಕು.” ಅದಕ್ಕೆ ಅವನು ಅವಳನ್ನು ನೋಡದೆ, ಮನಿಗೆ ತರೂದು ಮನಿಗೂ ಉಪಯೋಗ ಆಗಬೇಕು ಎಂದ. ಮಾಸ್ತರರು ಅವನ ಕೈಯಿಂದ ರೈಫಲ್ ಇಸಿದುಕೊಂಡು ಕೆಳಗಿಟ್ಟರು. ಪೂನಮಳ ಲೈಸನ್ಸ್ ಬಿಚ್ಚಿ ಅದರಲ್ಲಿದ್ದ ಹೆಸರನ್ನು ಗಟ್ಟಿಯಾಗಿ ಓದಿದರು. “ಮನಿಗೆ ಬಂದೂಕ ಬೇಕಂದ್ರ ಇಲ್ಲಿ ಸಿಗೂದಿಲ್ರಿ. ಈ ಹುಡುಗಿಗೆ ರೈಫಲ್ ಬೇಕಂದ್ರ ಕೂಡ್ರಿ, ನೋಡೋಣು.” ದುಂಡೇಶ ಹೊರಗೆ ಹೋಗಿ ಬೀಡಿ ಹಚ್ಚಿದ.

ಅವನ ಮನಸ್ಸಿನಲ್ಲಿದ್ದುದು ಗಲಗಲಿಯ ಹೊಳೆದಂಡೆ. ನೀವು ರಜೆ ಮುಗಿಸಿ ಹೋದ ಮೇಲೆ ಅಲ್ಲಿಯ ಜಗಳ ಬೆಳೆದಿದೆ. ಆಲಮಟ್ಟಿ ಹಿನ್ನೀರು ಇಳಿದಾಗ ಮೇಲೆ ಬರುವ ಮಣ್ಣು ನಮ್ಮದೂ ಅಲ್ಲ, ಪಕ್ಕದ ನಾಮದೇವನದೂ ಅಲ್ಲ. ಸರ್ಕಾರ ಪರಿಹಾರ ಕೊಟ್ಟು ಎಂದೋ ತೆಗೆದುಕೊಂಡಿದ್ದು. ಆದರೂ ನೀರು ಹಿಂದೆ ಸರಿದ ಕೂಡಲೇ ಯಾರು ಮೊದಲು ಇಳಿಯುತ್ತಾರೋ ಅವರು ಕಲ್ಲಂಗಡಿ, ಸೌತೆ ಹಾಕುತ್ತಾರೆ. ಹಳೆಯ ಬದು ಎಲ್ಲಿತ್ತು ಎಂಬುದು ಕೆಸರಿನೊಳಗೆ ಹೋಗಿದೆ. ಈ ವರ್ಷ ದುಂಡೇಶ ಮೊದಲು ಇಳಿದು ಬಳ್ಳಿ ಹಬ್ಬಿಸಿದ್ದ. ನಾಮದೇವ, ಅರ್ಧ ನನ್ನ ಹೊಲದ ಜಾಗ ಎನ್ನುತ್ತಿದ್ದ.

ಇರಲಿ, ರೈಫಲ್ ಆರಿಸಿದ್ದನ್ನು ಹೇಳುತ್ತೇನೆ. ಪೂನಮ್ ನೆಲದ ಮೇಲೆ ಮಲಗಿ, ಪಟ್ಟಿಯನ್ನು ತೋಳಿಗೆ ಸುತ್ತಿಕೊಂಡು, ಮೂರರಿಂದಲೂ ದೂರದ ಕಾಗದಕ್ಕೆ ಹೊಡೆದಳು. ಸದ್ದು ಏನೂ ಇಲ್ಲ, ಒಣ ಕಟ್ಟಿಗೆ ಮುರಿದಷ್ಟೇ. ಹೊಸ ರೈಫಲ್ಲಿನ ತೂತುಗಳು ಕಾಗದದ ತುಂಬ ಚೆದುರಿದ್ದವು. ದುರ್ಬೀನಿನದು ಪರವಾಗಿಲ್ಲ, ಆದರೆ ಟ್ರಿಗರ್ ಬಿಗಿ, ಎಳೆಯುವಾಗ ಪ್ರತಿ ಸಲ ನಳಿಗೆ ಬಲಕ್ಕೆ ವಾಲುತ್ತದೆ ಎಂದು ಅವಳೇ ಹೇಳಿದಳು. ಜರ್ಮನ್ ರೈಫಲ್ಲಿನ ಹಿಂಬದಿ ಅವಳ ಹೆಗಲಿಗೆ ಉದ್ದವಾಯಿತು. ಮಾಸ್ತರರು ತುದಿಯ ತಗಡನ್ನು ಒಳಗೆ ಸರಿಸಿ, ಕಣ್ಣಿಡುವ ಸಣ್ಣ ತೂತಿನ ಬಿಲ್ಲೆಯನ್ನು ಏರಿಸಿ ಇಳಿಸಿ, ಒಂದು ಜಾತಿಯ ತೋಟಾ ಬಿಟ್ಟು ಇನ್ನೊಂದನ್ನು ಕೊಟ್ಟರು. ಒಂದೊಂದು ರೈಫಲ್ಲಿಗೆ ಒಂದೊಂದು ತೋಟಾ ಒಗ್ಗುತ್ತದಂತೆ. ಆಮೇಲೆ ಕಾಗದ ತಂದು ತೋರಿಸಿದರು. ತೂತುಗಳೆಲ್ಲ ಒಂದರ ಮೇಲೊಂದು ಬಿದ್ದು ನಡುವೆ ಒಂದೇ ಹರಕು ಆಗಿತ್ತು, ಎಂಟಾಣೆ ಬಿಲ್ಲೆ ಇಟ್ಟರೆ ಮುಚ್ಚುವಷ್ಟು. ಪೂನಮ್ ಆ ಹರಕಿನ ಮೇಲೆ ಬೆರಳಾಡಿಸಿದಳು. ಗುಂಡು ಹೋದ ಮೇಲೂ ಅವಳು ತಲೆ ಎತ್ತುತ್ತಿರಲಿಲ್ಲ, ಕೆನ್ನೆ ಮರಕ್ಕೇ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದಳು. ನಮ್ಮ ಮನೆಯಲ್ಲಿ ಅಷ್ಟು ಸುಮ್ಮನಿರುವವರನ್ನು ನಾನು ನೋಡಿಲ್ಲ. ಇದೇ ಸಾಕವ್ವಾ ಎಂದಳು. ಅದನ್ನೇ ತಂದೆವು. ಬೋಲ್ಟ್ ಇಲ್ಲದೆ ಗುಂಡು ಹಾರುವುದಿಲ್ಲ, ಅದನ್ನು ರೈಫಲ್ಲಿನಿಂದ ತೆಗೆದು ಬೇರೆ ಕಡೆ ಇಡಬೇಕು ಎಂದು ಮಾಸ್ತರರು ನನಗೆ ಎರಡು ಸಲ ಹೇಳಿದರು. ರೈಫಲ್ ಉಕ್ಕಿನ ಕಪಾಟಿನಲ್ಲಿಟ್ಟೆವು. ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿಯ ಡಬ್ಬಿಯಲ್ಲಿಟ್ಟೆ.

ದುಂಡೇಶ ಗಲಗಲಿಗೆ ಹೋಗಿ ನಮ್ಮ ಮನ್ಯಾಗ ಬಂದೂಕ ಬಂದೈತಿ ಎಂದು ಎಲ್ಲರಿಗೂ ಹೇಳಿದ್ದಾನೆ. ಗೊತ್ತಾಗಿದ್ದು ನಾಮದೇವನ ಹೆಂಡತಿ ಸಾತವ್ವನಿಂದ. ಸಂತೆಗೆ ಬಂದವಳು ಮನೆ ಹುಡುಕಿಕೊಂಡು ಬಂದು ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. “ಅಕ್ಕಾ, ಬಂದೂಕ ಯಾರ ಸಲುವಾಗಿ ತಂದೀರಿ, ಖರೆ ಹೇಳು. ನನ್ನ ಮಕ್ಕಳು ಕೊಡಲಿ ಬಿಟ್ಟು ಹೊಲಕ್ಕ ಹೋಗವಲ್ರು.” ಅದು ಆಟದ ರೈಫಲ್, ಕಾಗದಕ್ಕೆ ಹೊಡೆಯುವುದು ಎಂದು ಹೇಳಿದೆ. ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಹೋದ ತಿಂಗಳ ಕೊನೆಯ ಶುಕ್ರವಾರ ಮಧ್ಯಾಹ್ನ ದುಂಡೇಶ ಮೋಟಾರ್ ಸೈಕಲ್ ಮೇಲೆ ಬಂದ. ಪೂನಮ್ ಕಾಲೇಜಿನಲ್ಲಿದ್ದಳು. ಮುಖದ ಮೇಲೆ ಕೆಸರು ಒಣಗಿತ್ತು. ನಾಮದೇವನ ಹಿರಿಯ ಮಗ ಟ್ರ್ಯಾಕ್ಟರ್ ತಂದು ಕಲ್ಲಂಗಡಿ ಬಳ್ಳಿಯನ್ನೆಲ್ಲ ಹರಗಿಬಿಟ್ಟಿದ್ದಾನಂತೆ. ನೀರು ಕೊಟ್ಟರೆ ಕುಡಿಯಲಿಲ್ಲ. ಕಪಾಟಿನ ಕೀಲಿ ಕೊಡು ಎಂದ. ಕೊಡುವುದಿಲ್ಲ ಎಂದೆ. “ಹೊಡ್ಯಾಂಗಿಲ್ಲ ವೈನಿ, ಬರೇ ತೋರಸ್ತೀನಿ. ನೋಡಿದ್ರ ಓಡಿ ಹೊಕ್ಕಾರ.” ಅದು ಪೂನಮಳ ಹೆಸರಿನಲ್ಲಿದೆ, ಬೇರೆಯವರ ಕೈಗೆ ಹೋದರೆ ಅವಳ ಲೈಸನ್ಸ್ ಹೋಗುತ್ತದೆ, ಪೊಲೀಸರು ಅವಳನ್ನೇ ಕೇಳುತ್ತಾರೆ ಎಂದು ಎಷ್ಟೋ ಹೇಳಿದೆ. ಅವನ ಕಿವಿಗೆ ಬೀಳುತ್ತಿರಲಿಲ್ಲ. ಆಗ ಅತ್ತೆಯವರು ಎದ್ದು ಹೋಗಿ ದೇವರ ಪಟದ ಹಿಂದಿನಿಂದ ಕೀಲಿ ತಂದು ಅವನ ಕೈಗೆ ಕೊಟ್ಟುಬಿಟ್ಟರು. ಅವರ ಮೇಲೆ ಸಿಟ್ಟಾಗಬೇಡಿ. ಮಗನ ಮುಖದ ಕೆಸರು ನೋಡಿ ಅವರಿಗೆ ಬೇರೇನೂ ಕಾಣಲಿಲ್ಲ. ಅವನು ಚೀಲದ ಸಮೇತ ರೈಫಲ್ಲನ್ನು ಬೆನ್ನಿಗೆ ಹಾಕಿಕೊಂಡು ಹೊರಟೇಹೋದ.

ನಾನು ಮೊದಲು ಸಮಾಧಾನ ಮಾಡಿಕೊಂಡೆ. ಬೋಲ್ಟ್ ಅಕ್ಕಿಯ ಡಬ್ಬಿಯಲ್ಲಿದೆ, ತೋಟಾಗಳು ನನ್ನ ಟ್ರಂಕಿನಲ್ಲಿವೆ, ಅವನು ಒಯ್ದದ್ದು ಒಂದು ಭಾರದ ಕಟ್ಟಿಗೆ ಮಾತ್ರ, ಯಾರಿಗೂ ಏನೂ ಮಾಡಲಾರ ಎಂದು. ಒಲೆಯ ಮುಂದೆ ಕುಳಿತೆ. ಆಗ ಇನ್ನೊಂದು ಹೊಳೆಯಿತು. ಅದು ಕಟ್ಟಿಗೆ ಎಂದು ನನಗೆ ಗೊತ್ತು. ನಾಮದೇವನ ಮಕ್ಕಳಿಗೆ ಗೊತ್ತಿಲ್ಲ. ಎದುರಿಗೆ ಬಂದೂಕು ಹಿಡಿದವನನ್ನು ಅವರು ನೋಡಿದರೆ ಓಡಿಹೋಗುತ್ತಾರೆಂದು ಯಾರು ಹೇಳಬೇಕು? ಅವನು ಹೊಡೆಯುವ ಮೊದಲೇ ಕೊಡಲಿ ಎತ್ತಿದರೆ?

ಅಕ್ಕಿಯಲ್ಲಿ ಕೈ ಹಾಕಿ ಬೋಲ್ಟ್ ತೆಗೆದೆ. ಪಕ್ಕದ ಎಸ್‌ಟಿಡಿ ಬೂತಿನ ಯಲ್ಲಕ್ಕನಿಗೆ ಅತ್ತೆಯವರನ್ನು ನೋಡಿಕೊಳ್ಳಲು ಹೇಳಿ, ಬಸ್ಸಿಗೆ ಕಾಯದೆ ಆಟೋ ಹಿಡಿದೆ. ಗಲಗಲಿಯವರೆಗೆ ಆಟೋದವನು ಏನೇನೋ ಮಾತಾಡುತ್ತಿದ್ದ, ಒಂದೂ ನೆನಪಿಲ್ಲ. ಸೆರಗಿನಲ್ಲಿ ಸುತ್ತಿದ ಆ ಕಬ್ಬಿಣವನ್ನೇ ಮತ್ತೆ ಮತ್ತೆ ಬಿಗಿ ಹಿಡಿಯುತ್ತಿದ್ದೆ.

ಹೊಳೆದಂಡೆಯಲ್ಲಿ ನೀರು ಬಹಳ ಹಿಂದೆ ಸರಿದಿದೆ. ಮುಳುಗಿ ಸತ್ತ ಜಾಲಿ ಗಿಡಗಳು ಬೆಳ್ಳಗೆ ನಿಂತಿವೆ. ಅವುಗಳ ಆಚೆ ಅವರು ಕಾಣಿಸಿದರು. ದುಂಡೇಶ ಚೀಲ ಕಿತ್ತೆಸೆದು ರೈಫಲ್ಲನ್ನು ಸೊಂಟದ ಹತ್ತಿರ ಹಿಡಿದಿದ್ದ. ನಾಮದೇವ ಬರಿಗೈಯಲ್ಲಿದ್ದ, ಅವನ ಇಬ್ಬರು ಮಕ್ಕಳ ಕೈಯಲ್ಲೂ ಕೊಡಲಿ. ಹಿರಿಯವನು ಹೊಡಿಲೇ, ಹೊಡಿ ನೋಡೋಣು ಎನ್ನುತ್ತ ಒಂದೊಂದೇ ಹೆಜ್ಜೆ ಮುಂದೆ ಬರುತ್ತಿದ್ದ. ದುಂಡೇಶ ಹಿಂದೆ ಸರಿಯುತ್ತಿದ್ದ. ಅವನ ಕೈ ಬೋಲ್ಟ್ ಇರಬೇಕಾದ ಕಡೆ ತಡಕಾಡುತ್ತಿತ್ತು. ಅಲ್ಲಿ ಏನೂ ಇಲ್ಲವೆಂದು ಅವನಿಗೆ ಆಗಲೇ ತಿಳಿದಿತ್ತು. ಅವನ ಮುಖ ನೋಡಿದೆ. ಮದುವೆಯಾಗಿ ಬಂದಾಗ ನನ್ನ ಹಿಂದೆ ವೈನಿ, ವೈನಿ ಎಂದು ತಿರುಗುತ್ತಿದ್ದನಲ್ಲ, ಅದೇ ಮುಖ.

ಕೆಸರಿನಲ್ಲಿ ಕಾಲು ಹೂತುಹೋಗುತ್ತಿತ್ತು. ಚಪ್ಪಲಿ ಅಲ್ಲೇ ಬಿಟ್ಟು ನಡೆದೆ. ಅವರ ನಡುವೆ ಹೋಗಿ ನಿಂತು, ಮಕ್ಕಳ ಕಡೆ ನೋಡದೆ ನಾಮದೇವನ ಕಡೆ ಕೈ ಚಾಚಿದೆ. “ನಾಮದೇವಣ್ಣಾ, ಆ ಬಂದೂಕ ಹಾರೂದಿಲ್ಲ. ಅದರ ಬೋಲ್ಟ್ ನನ್ನ ಕೈಯಾಗೈತಿ, ನೋಡು. ಅದು ನನ್ನ ಮಗಳದು, ಇಂವ ಕೇಳದ ತಂದಾನ.” ನಾಮದೇವ ಬೋಲ್ಟನ್ನು ತೆಗೆದುಕೊಂಡು ತಿರುಗಿಸಿ ನೋಡಿದ. ದುಂಡೇಶನ ಕೈಯಲ್ಲಿದ್ದುದನ್ನು ನೋಡಿದ. ಆಮೇಲೆ ಬೋಲ್ಟನ್ನು ನನ್ನ ಕೈಗೆ ವಾಪಸು ಕೊಟ್ಟು ಮಕ್ಕಳಿಗೆ, “ಕೊಡಲಿ ಕೆಳಗಿಡ್ರಿ” ಎಂದ. ಕಿರಿಯವನು ಕೂಡಲೇ ಇಟ್ಟ. ಹಿರಿಯವನು ಇಡಲಿಲ್ಲ, ಆದರೆ ತಿರುಗಿ ನಡೆದ. ದುಂಡೇಶ ರೈಫಲ್ಲನ್ನು ಕೆಸರಿಗೆ ಎಸೆದು, ನನ್ನನ್ನು ಒಂದು ಸಲ ನೋಡಿ, ದಂಡೆ ಹಿಡಿದು ಹೋಗಿಬಿಟ್ಟ. ನಾನು ಕುಕ್ಕರಗಾಲಿನಲ್ಲಿ ಕುಳಿತು ಅದನ್ನು ಎತ್ತಿಕೊಂಡೆ. ನಳಿಗೆಯ ಬಾಯಲ್ಲಿ ಕೆಸರು ತುಂಬಿತ್ತು.

ಪೂನಮ್ ಆ ಸಂಜೆ ಎಲ್ಲವನ್ನೂ ಕೇಳಿದಳು. ಅಳಲಿಲ್ಲ, ಅಜ್ಜಿಯನ್ನೂ ಬೈಯಲಿಲ್ಲ. ರೈಫಲ್ ಬಿಚ್ಚಿ, ಕೋಲಿಗೆ ಬಟ್ಟೆ ಸುತ್ತಿ, ಎಣ್ಣೆ ಹಾಕಿ ಒರೆಸಿದಳು. ಮರುದಿನವೇ ಇಬ್ಬರೂ ಬೆಳಗಾವಿಗೆ ಒಯ್ದೆವು. ಮಾಸ್ತರರು ಬೆಳಕಿಗೆ ಹಿಡಿದು ನೋಡಿ, ನಳಿಗೆಗೆ ಏನೂ ಆಗಿಲ್ಲ, ನಳಿಗೆಯ ತುದಿಯಲ್ಲಿ ಗುರಿ ನೋಡುವ ಮೊನೆ ಸ್ವಲ್ಪ ಬಾಗಿದೆ, ಬದಲಿಸೋಣ ಎಂದರು. ಬದಲಿಸಿ ಅವರೇ ಹೊಡೆದು ನೋಡಿದರು, ಮೊದಲಿನಂತೆಯೇ ಬಿತ್ತು. ಪೂನಮ್ ಹೊಡೆಯಲಿಲ್ಲ, ಕೈ ನೋಯುತ್ತದೆ ಎಂದಳು. ರೈಫಲ್ ಇನ್ನು ಮನೆಗೆ ಬರುವುದಿಲ್ಲ. ಅಂಗಡಿಯವರಲ್ಲೇ ರಸೀದಿ ಪಡೆದು ಇಟ್ಟಿದ್ದೇವೆ. ಬೇಕಾದಾಗ ಅವಳು ಅಲ್ಲಿಂದ ತೆಗೆದುಕೊಂಡು ಗಣಿಗೆ ಹೋಗಿ ಹೊಡೆಯಬಹುದು.

ನಾಮದೇವ ಪೊಲೀಸರಿಗೆ ಹೇಳುವುದಿಲ್ಲವಂತೆ, ಸಾತವ್ವ ಬಂದು ತಿಳಿಸಿ ಹೋದಳು. ಈ ಸಲ ಒಳಗೆ ಬಂದು ಚಹಾ ಕುಡಿದಳು. ದುಂಡೇಶ ಇನ್ನೂ ಈ ಕಡೆ ಬಂದಿಲ್ಲ. ಶತ್ರುವಿನ ಮುಂದೆ ವೈನಿ ನನ್ನ ಮಾನ ಕಳೆದಳು ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಹೇಳಲಿ. ಅವನು ನಿಮಗೂ ಬರೆಯಬಹುದು. ಬರೆದರೆ ಬೈಯಬೇಡಿ, ಯುಗಾದಿಗೆ ಜಮಖಂಡಿಗೆ ಹೋಗಿ ಅವ್ವನ ಕೈಯ ಹೋಳಿಗೆ ಉಂಡು ಬಾ ಎಂದಷ್ಟೇ ಬರೆಯಿರಿ. ಅತ್ತೆಯವರು ಕೀಲಿ ಕೊಟ್ಟದ್ದಕ್ಕೆ ಒಳಗೊಳಗೇ ಕೊರಗುತ್ತಿದ್ದಾರೆ, ನನ್ನ ಮುಂದೆ ಹೇಳುವುದಿಲ್ಲ. ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಬೀರೇಶ್ವರ ನಿಮ್ಮನ್ನೂ ನಿಮ್ಮ ಜೊತೆಗಿರುವ ಹುಡುಗರನ್ನೂ ಕಾಯಲಿ. ಮೊಣಕಾಲಿಗೆ ರಾತ್ರಿ ಬಿಸಿ ಎಣ್ಣೆ ತಿಕ್ಕಿಕೊಳ್ಳಿ.

ನಿಮ್ಮ,
ಮಾಲಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಸೇರಿಸುತ್ತಿದ್ದೇನೆ, ಪೂನಮ್ ಸ್ನಾನಕ್ಕೆ ಹೋಗಿದ್ದಾಳೆ. ಅವಳು ರೈಫಲ್ ಮಾರಿ ಲೈಸನ್ಸ್ ವಾಪಸು ಕೊಡುತ್ತಾಳಂತೆ, ಅದಕ್ಕೆ ಯುಗಾದಿ ಆದ ಮರುದಿನ ಬಾಗಲಕೋಟೆಯ ಡಿಸಿ ಕಚೇರಿಗೆ ಹೋಗುತ್ತಾಳಂತೆ. ತನ್ನ ಆಸೆಯಿಂದ ಕಾಕಾ ಸಾಯುತ್ತಿದ್ದ ಎನ್ನುತ್ತಾಳೆ. ನನ್ನ ಮಾತು ಕೇಳುವುದಿಲ್ಲ. ಯಲ್ಲಕ್ಕನ ಬೂತಿಗೆ ಹೇಗಾದರೂ ಫೋನ್ ಮಾಡಿ, ಕೊಡಬೇಡ ಎಂದು ನೀವೇ ಹೇಳಿ. ನಾನು ದುಂಡೇಶನ ಜೀವ ಉಳಿಸಲು ಓಡಿದೆ ಎಂದು ಊರೆಲ್ಲ ಹೇಳುತ್ತಿದೆ, ನಿಮಗೂ ಹಾಗೇ ಬರೆದೆ. ಅವನ ಜೀವದ ಭಯವಿತ್ತು, ಸುಳ್ಳಲ್ಲ. ಆದರೆ ಕೆಸರಿನಲ್ಲಿ ಇಳಿಯುವಾಗ ನನ್ನ ಕಣ್ಣು ಅವನ ಮೇಲಿರಲಿಲ್ಲ, ಅವನ ಕೈಯಲ್ಲಿದ್ದ ನನ್ನ ಮಗಳ ರೈಫಲ್ಲಿನ ಮೇಲಿತ್ತು. ಇದನ್ನು ಅವಳಿಗೆ ನಾನು ಹೇಳಲಾರೆ. ನೀವು ಹೇಳಿ.