ಹೊಸ್ತಿಲಿಂದ ಹಿಂತಿರುಗಿದ ಕಾಲು

ಬೇಗೂರು
12-3-2025

ಮಗಳು ಕುಮಾರಿಗೆ, ನಿನ್ನವ್ವ ಮನಸಾರೆ ಮಾಡುವ ಆಶೀರ್ವಾದ.

ಬರೆಯಲು ತಡವಾಯಿತು, ಸಿಟ್ಟಾಗಬೇಡ. ಫೋನಿನಲ್ಲಿ ನನ್ನ ಬೆನ್ನಿನ ಮಾತೆತ್ತಿದರೆ ಸಾಕು, ಬದನಗುಪ್ಪೆ ಫ್ಯಾಕ್ಟರಿ ಬಸ್ಸು ಬಂತು ಅಂತ ಇಟ್ಟುಬಿಡುತ್ತೀಯ. ಭಾನುವಾರವೂ ಬಸ್ಸು ಬರುತ್ತದೇನೆ? ಅದಕ್ಕೇ ಈ ಕಾಗದ. ಕುಳಿತುಕೊಂಡೇ ಬರೆಯುತ್ತಿದ್ದೇನೆ, ನಂಬು.

ಗುಂಡ್ಲುಪೇಟೆಯಲ್ಲಿ ಪ್ರಿಯಾಂಕ ಅಂತ ವ್ಯಾಯಾಮ ಹೇಳಿಕೊಡುವ ಮೇಡಮ್ ಇದ್ದಾರೆ. ವಯಸ್ಸು ಚಿಕ್ಕದು, ಗದರುವುದರಲ್ಲಿ ನಿಮ್ಮಜ್ಜಿಯೇ. ಬೋರಲು ಮಲಗಿ, ಅಂಗೈ ಊರಿ, ಎದೆ ಮಾತ್ರ ಮೇಲೆತ್ತಬೇಕು. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು, ಸಾಕು ಅಂತ ಬಿಟ್ಟೂ ಬಿಟ್ಟಿದ್ದೆ. ಈಗ ಬೆಳಿಗ್ಗೆ ಸಂಜೆ ತಪ್ಪಿಸುವುದಿಲ್ಲ. ಕಾಲಿನ ಜೋಮು ಇಳಿದಿದೆ. ಬಸ್ ಸ್ಟ್ಯಾಂಡಿನವರೆಗೆ ನಡೆದು ಬರುತ್ತೇನೆ. ಚೆಂಡುಹೂ ಕೀಳಲು ಮಾತ್ರ ಇನ್ನೂ ಬಗ್ಗಕೂಡದಂತೆ.

ಕಾಲು ಮುಂದಾಗಿ ಹುಟ್ಟಿದವಳು ನೀನು. ಅಂಥವರು ತುಳಿದರೆ ಬೆನ್ನಿನ ಉಳುಕು ಬಿಡುತ್ತದೆಂದು ಬೀದಿಯವರೆಲ್ಲ ಬಂದು ನಿನ್ನ ಮುಂದೆ ಮಲಗುತ್ತಿದ್ದರು. ಹೂವಿನ ಹೊಲದಿಂದ ಬಂದ ಆ ಸಂಜೆ ನಾನೂ ಮಲಗಿದೆ. "ಬ್ಯಾಡ ಕಣವ್ವ" ಅಂದೆ ನೀನು. ಆದರೂ ನನ್ನ ಮಾತಿಗೆ ತುಳಿದೆ. ಆಮೇಲೆ ನನಗೆ ಏಳಲಾಗಲಿಲ್ಲ. ನಾನಿನ್ನೂ ಆಸ್ಪತ್ರೆಯಲ್ಲಿರುವಾಗಲೇ ನೀನು ಕೆಲಸ ಹುಡುಕಿಕೊಂಡು ಹೊರಟೆ. ದೀಪಾವಳಿಗೂ ಬರಲಿಲ್ಲ.

ಮೇಡಮ್‌ಗೆ ಇದೆಲ್ಲ ಹೇಳಿದೆ. "ಹೂ ಕೀಳುವಾಗ್ಲೇ ಕಾಲು ಜೋಮು ಹಿಡೀತಿತ್ತು ಅಂತೀರಲ್ಲ ನೀಲಾವತಮ್ಮ, ಡಿಸ್ಕ್ ಆಗ್ಲೇ ಜಾರಿತ್ತು. ಮಗಳು ತುಳಿದು ಜಾರಿದ್ದಲ್ಲ. ಆದ್ರೆ ಇನ್ಮೇಲೆ ಯಾರ ಹತ್ರಾನೂ ತುಳಿಸ್ಕೋಬೇಡಿ," ಅಂದರು. ಇಷ್ಟು ದಿನದಲ್ಲಿ ನಾನು ಹೆಚ್ಚು ಅತ್ತಿದ್ದು ಅವತ್ತೇ. ನೋವಿಗಲ್ಲ ಕಣೇ, ನಿನ್ನ ನೆನಪಾಗಿ.

ಯುಗಾದಿಗೆ ಬಾ. ಒಬ್ಬಟ್ಟು ನಿಂತುಕೊಂಡೇ ತಟ್ಟುತ್ತೇನೆ, ಹೂರಣ ರುಬ್ಬುವುದು ನಿನ್ನ ಪಾಲಿಗೆ. ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ಇತಿ ನಿನ್ನವ್ವ,
ನೀಲಾವತಿ

ತಾ.ಕ.: ಸಂಕ್ರಾಂತಿಯ ದಿನ ನೀನು ಬಂದಿದ್ದೆಯಂತೆ. ಎದುರುಮನೆ ಪುಟ್ಟಮಾದಮ್ಮ ಮೊನ್ನೆಯಷ್ಟೇ ಬಾಯಿಬಿಟ್ಟಳು. "ಕುಮಾರಿ ಎಳ್ಳುಬೆಲ್ಲ ಇಡ್ಕಂಡು ಬಾಗ್ಲುಗಂಟ ಬಂದ್ಲು ಕಣಕ್ಕ. ಒಳಕ್ ನೋಡ್ಬುಟ್ಟು, ಕೈಲಿ ಬಾಯ್ ಮುಚ್ಕಂಡು ಅಂಗೇ ಓಡೋದ್ಲು," ಅಂದಳು. ನಾನು ಆಗ ನಡುಮನೆಯಲ್ಲಿ ಬೋರಲು ಮಲಗಿದ್ದೆ, ಆ ಸಂಜೆ ಮಲಗಿದ್ದ ಜಾಗದಲ್ಲೇ. ಬಿದ್ದಿರಲಿಲ್ಲ ಮಗಳೇ, ವ್ಯಾಯಾಮ ಮಾಡುತ್ತಿದ್ದೆ. ನೀನು ಇನ್ನೊಂದು ಗಳಿಗೆ ನಿಂತಿದ್ದರೆ ನಾನು ಏಳುವುದನ್ನು ನೋಡುತ್ತಿದ್ದೆ.