ರಾಕ್ಷಸ ಮತ್ತು ನಲ್ಲಿ ನೀರು

ಮಾರ್ಚ್ ೧೪, ಮಿಡಿಗೇಶಿ

ಗೇಮ್ ವಿಮರ್ಶೆ ಬರೆಯಲು ಕೂತರೆ ಅಮ್ಮನ ಒದ್ದೆ ಸೆರಗೇ ಕಣ್ಣ ಮುಂದೆ ಬರುತ್ತಿದೆ. ಕತ್ತಿ ಬೀಸುವುದು ಸೊಗಸು, ಹೌದು; ಪಾಳು ಕೋಟೆಯ ಕತ್ತಲೂ ಮೈ ನಡುಗಿಸುತ್ತದೆ. ಆದರೆ ಗೇಮಿನ ಕ್ಯಾಮೆರಾ ದಂಡ, ಬೆನ್ನ ಹಿಂದೆ ಯಾರಿದ್ದಾರೆಂದೇ ತಿಳಿಯುವುದಿಲ್ಲ. ಒಮ್ಮೆ ಕೊಂದ ಶತ್ರುಗಳನ್ನೇ ಮತ್ತೆ ಮತ್ತೆ ಕೊಲ್ಲಬೇಕು.

ನಾಲ್ಕು ದಿನಕ್ಕೊಮ್ಮೆ ಬರುವ ನಲ್ಲಿ ನೀರು ಇವತ್ತು ಸಂಜೆ, ನಾನು ಹೆಡ್‌ಫೋನ್ ಹಾಕಿಕೊಂಡು ಗೇಮಿನ ಕೊನೆಯ ರಾಕ್ಷಸನ ಜೊತೆ ಕಾದಾಡುವಾಗಲೇ ಬಂತು. ಮಂಡಿನೋವಿನ ಅಮ್ಮ ಒಬ್ಬಳೇ ಹನ್ನೊಂದು ಬಿಂದಿಗೆ ಹೊತ್ತಳು. ಆಮೇಲೆ ಬಾಗಿಲಲ್ಲಿ ನಿಂತು ಕೇಳಿದಳು: "ಕೂಗ್ದೆ ಕಣ್ಲಾ. ಕಿವಿಗೆ ಅದ್ನ ಹಾಕ್ಕೊಂಡಿದ್ಯಲ್ಲ, ಕೇಳಿಸ್ಲಿಲ್ಲ ಅನ್ಸುತ್ತೆ. ರಾಕ್ಷಸ ಸತ್ನಾ?"

ಸತ್ತ ಅಂದೆ. ಕೇಳಿಸಲಿಲ್ಲ ಅಂತಲೂ ಅಂದೆ.

ಮೊದಲ ಕೂಗೇ ಕೇಳಿಸಿತ್ತು. ಈ ಗೇಮನ್ನು ಯಾವ ಕ್ಷಣದಲ್ಲಿ ಬೇಕಾದರೂ ನಿಲ್ಲಿಸಬಹುದು. ಅದೂ ಇದರ ಒಂದು ಒಳ್ಳೆಯ ಗುಣ. ಯಾವ ಕೈಯಿಂದ ಅದನ್ನು ಬರೆಯಲಿ?